ಫ್ರಾನ್ಸಿನಲ್ಲಿ ಒಂದು ವರ್ಷ ಫ್ರೆಂಚ್ ಓದಲು ಹೊರಟವರಿಗೆ

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡು ನೂರಕ್ಕೆ ತೊಂಬತ್ತರ ಮೇಲೆ ಅಂಕ ಪಡೆದವರು ಬೆಂಗಳೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಆ ಅಂಕಪಟ್ಟಿಯ ಧೈರ್ಯದಲ್ಲಿ, ಪದವಿಯ ನಡುವೆ ಒಂದು ವರ್ಷ ಬಿಡುವು ಮಾಡಿಕೊಂಡು ಪೂರ್ವ ಫ್ರಾನ್ಸಿನ ಬೆಜಾನ್ಸೋಂ ಊರಿಗೆ ಹೋದೆ. ರೈಲು ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕುಳಿತಿದ್ದ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: ಹೋಗುವುದಕ್ಕೆ ಮಾತ್ರವೋ, ಹೋಗಿ ಬರುವುದಕ್ಕೋ? ಅದು ನನಗೆ ಅರ್ಥವಾಗಲಿಲ್ಲ. ಅದೇ ವರ್ಷದ ಕೊನೆಗೆ ಬಾಡಿಗೆ ಮನೆಯ ಯಜಮಾನರೊಂದಿಗೆ ಠೇವಣಿ ಹಣಕ್ಕಾಗಿ ಅದೇ ಭಾಷೆಯಲ್ಲಿ ವಾದ ಮಾಡಿದೆ. ನಡುವೆ ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತರಗತಿಯ ಹೊರಗಿನದು.

ಫ್ರಾನ್ಸಿಗೆ ಹೋದ ಮಾತ್ರಕ್ಕೆ ಫ್ರೆಂಚ್ ಬರುವುದಿಲ್ಲ. ಇಡೀ ವರ್ಷ ಅಲ್ಲಿದ್ದು, ನಮ್ಮ ದೇಶದವರ ಜೊತೆಯಲ್ಲೇ ಉಂಡು, ಇಂಗ್ಲಿಷಿನಲ್ಲೇ ದಿನ ಕಳೆದು ಬಂದವರನ್ನು ನಾನು ಕಂಡಿದ್ದೇನೆ. ಊರು, ಮನೆ, ಕಾಗದಪತ್ರ, ಸಂತೆ, ಇವನ್ನೆಲ್ಲ ಭಾಷೆ ಕಲಿಯುವ ದಾರಿಯನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ನಾನು ನಡೆದ ಕ್ರಮದಲ್ಲೇ ಇಲ್ಲಿ ಹೇಳುತ್ತೇನೆ.

ಮೊದಲನೆಯದು: ಯಾವ ಓದು, ಯಾವ ಊರು

ಕಾಲೇಜು ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ಅಲ್ಲಿನ ಯಾವುದಾದರೂ ವಿಶ್ವವಿದ್ಯಾಲಯದೊಂದಿಗೆ ಒಪ್ಪಂದವಿದ್ದರೆ ಒಂದು ಸೆಮಿಸ್ಟರ್ ವಿನಿಮಯಕ್ಕೆ ಹೋಗಬಹುದು. ಫ್ರೆಂಚ್ ಚೆನ್ನಾಗಿ ಬರುವವರು ನೇರವಾಗಿ ಪದವಿಗೇ ಸೇರಬಹುದು. ಅದಕ್ಕೆ ಸಾಮಾನ್ಯವಾಗಿ ಬಿ2 ಮಟ್ಟ ಬೇಕು (ಭಾಷಾಜ್ಞಾನ ಅಳೆಯುವ ಯುರೋಪಿನ ಮಾಪನದಲ್ಲಿ ಎ1 ಎಲ್ಲಕ್ಕಿಂತ ಕೆಳಗಿನದು, ಸಿ2 ಎಲ್ಲಕ್ಕಿಂತ ಮೇಲಿನದು). ಮೂರನೆಯದು ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳಲ್ಲಿ ಸೆಮಿಸ್ಟರ್ ಅಥವಾ ವರ್ಷದ ಕೋರ್ಸು. ಭಾಷೆ ಮತ್ತು ಸಂಸ್ಕೃತಿಯೇ ಗುರಿಯಾಗಿದ್ದರೆ ನಾನು ಹೇಳುವುದು ಈ ಮೂರನೆಯದನ್ನೇ. ವಾರಕ್ಕೆ ಸುಮಾರು 20 ಗಂಟೆ ಪಾಠ, ಜೊತೆಗೆ ಇತಿಹಾಸ, ಸಾಹಿತ್ಯ, ಕಲೆ, ಸಮಾಜದ ಕುರಿತ ತರಗತಿಗಳು. ಕೊನೆಯಲ್ಲಿ ಸಿಗುವುದು ಆಯಾ ವಿಶ್ವವಿದ್ಯಾಲಯದ ಡಿಪ್ಲೊಮಾ. ಅದು ರಾಷ್ಟ್ರೀಯ ಪದವಿಗೆ ಸಮನಲ್ಲ. ಇದನ್ನು ಮೊದಲೇ ಮನೆಯವರಿಗೂ ತಿಳಿಸಿಬಿಡಿ. ನಿಮ್ಮ ಕಾಲೇಜು ಈ ಓದಿಗೆ ಕ್ರೆಡಿಟ್ ಕೊಡುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.

ಇಂಥ ಕೇಂದ್ರಗಳಿಗೆ ಅಲ್ಲಿ ದೀರ್ಘ ಚರಿತ್ರೆಯಿದೆ. ಗ್ರೆನೋಬ್ಲಿನಲ್ಲಿ 1896ರಿಂದ, ತೂರ್ ಊರಿನಲ್ಲಿ 1912ರಿಂದ, ಪ್ಯಾರಿಸ್ಸಿನ ಸೊರ್ಬೋನ್‌ನಲ್ಲಿ 1919ರಿಂದ, ಬೆಜಾನ್ಸೋಂನಲ್ಲಿ 1958ರಿಂದ, ವಿಶಿಯಲ್ಲಿ 1964ರಿಂದ ಹೊರದೇಶದವರಿಗೆ ಫ್ರೆಂಚ್ ಕಲಿಸುತ್ತಿದ್ದಾರೆ. ನೀವು ಆರಿಸಿಕೊಂಡ ಕೇಂದ್ರಕ್ಕೆ ‘ಕಾಲಿಟೆ ಎಫ್‌ಎಲ್‌ಇ’ ಎಂಬ ಸರ್ಕಾರಿ ಗುಣಮಟ್ಟದ ಮುದ್ರೆ ಇದೆಯೇ ಎಂದು ನೋಡಿ.

ಊರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ವರ್ಷ ಪ್ಯಾರಿಸ್ ಬೇಡ. ಅಲ್ಲಿ ಬಾಡಿಗೆ ವಿಪರೀತ, ಮೇಲಾಗಿ ನೀವು ತಡವರಿಸಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಬೆಜಾನ್ಸೋಂನಂಥ ಊರಿನಲ್ಲಿ ಬ್ರೆಡ್ ಮಾರುವವರಿಗೆ ನೀವು ವಾಕ್ಯ ಮುಗಿಸುವವರೆಗೆ ಕಾಯುವ ತಾಳ್ಮೆ ಇರುತ್ತದೆ. ದೂ ನದಿ ಕುದುರೆ ಲಾಳದ ಹಾಗೆ ಸುತ್ತಿಕೊಂಡಿರುವ ಹಳೆಯ ಊರು, ಮೇಲೆ ಗುಡ್ಡದ ತುದಿಯಲ್ಲಿ ಹದಿನೇಳನೆಯ ಶತಮಾನದ ಸೇನಾ ಎಂಜಿನಿಯರ್ ವೋಬಾನ್ ಕಟ್ಟಿಸಿದ ಕೋಟೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಆ ಕೋಟೆಗೆ ಭಾನುವಾರ ಹತ್ತಿ ಇಳಿದರೆ ಊರಿನ ನಕ್ಷೆಯೆಲ್ಲ ತಲೆಯಲ್ಲಿ ಕೂರುತ್ತದೆ. ಹಾಸನದಲ್ಲಿ 1908ರಲ್ಲಿ ಹುಟ್ಟಿದ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಕಾರ ರಾಜಾ ರಾವ್ 1929ರಲ್ಲಿ ಫ್ರೆಂಚ್ ಭಾಷೆ, ಸಾಹಿತ್ಯ ಓದಲು ಹೋದದ್ದೂ ಮೊದಲು ದಕ್ಷಿಣದ ಮೊಂಪೆಲಿಯೆ ಊರಿಗೆ. ಪ್ಯಾರಿಸ್ ಆಮೇಲೆ ಬಂತು.

ಎರಡನೆಯದು: ಹೊರಡುವ ಮೊದಲು ಕಿವಿ, ನಾಲಿಗೆ ಸಿದ್ಧವಾಗಲಿ

ಕನಿಷ್ಠ ಎ2, ಸಾಧ್ಯವಾದರೆ ಬಿ1 ಮಟ್ಟ ಮುಟ್ಟಿಕೊಂಡು ಹೊರಡಿ. ಸೊನ್ನೆಯಿಂದ ಅಲ್ಲೇ ಕಲಿಯುತ್ತೇನೆ ಎನ್ನುವವರ ಮೊದಲ ನಾಲ್ಕು ತಿಂಗಳು, ಅಂದರೆ ಅತಿ ಹೆಚ್ಚು ಹಣ ಖರ್ಚಾಗುವ ತಿಂಗಳುಗಳು, ಬೆಂಗಳೂರಿನಲ್ಲೇ ಕಲಿಯಬಹುದಾಗಿದ್ದ ಪಾಠಕ್ಕೆ ಹೋಗುತ್ತವೆ. ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿತು, ಫ್ರೆಂಚ್ ಸರ್ಕಾರದ ಡೆಲ್ಫ್ ಭಾಷಾ ಪರೀಕ್ಷೆ ಬರೆಯಿರಿ. ಡೆಲ್ಫ್ ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಟಿಸಿಎಫ್ ಎಂಬ ಇನ್ನೊಂದು ಪರೀಕ್ಷೆಯ ಫಲಿತಾಂಶ ಎರಡು ವರ್ಷಕ್ಕೆ ಮಾತ್ರ.

ಕನ್ನಡಿಗರಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ನಾವು ಫ್ರೆಂಚನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ, ಹಾಗಾಗಿ ಇಂಗ್ಲಿಷಿನ ಉಚ್ಚಾರಣೆಯೇ ಅದಕ್ಕೂ ಅಂಟಿಕೊಳ್ಳುತ್ತದೆ. ಆದರೆ ಫ್ರೆಂಚಿನ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗಿ ಹುಟ್ಟುವಂಥವು. ಮೇಜಿಗೆ ಅವರು ‘ಟೇಬಲ್’ ಎನ್ನುವುದಿಲ್ಲ, ‘ತಾಬ್ಲ್’ ಎನ್ನುತ್ತಾರೆ. ಇಂಗ್ಲಿಷ್ ಮನೆಮಾತಿನವರು ಪ, ತ, ಕ ಹೇಳುವಾಗ ಹೊರಡುವ ಉಸಿರಿನ ಹೊಡೆತ ಫ್ರೆಂಚಿನಲ್ಲಿಲ್ಲ. ಕನ್ನಡದ ಅಲ್ಪಪ್ರಾಣದಲ್ಲೂ ಇಲ್ಲ. ಅಕ್ಷರಕ್ಕೆ ಅಕ್ಷರ ಸಮನಾಗಿ ಸಾಗುವ ಲಯವೂ ನಮಗೆ ಹತ್ತಿರ. ಫ್ರೆಂಚ್ ಓದುವಾಗ ಕನ್ನಡದ ಬಾಯಿ ಇಟ್ಟುಕೊಳ್ಳಿ, ಇಂಗ್ಲಿಷಿನದು ಬೇಡ.

ಮುಖ್ಯವಾಗಿ ಎರಡು ಕಡೆ ಕನ್ನಡ ಕೈಕೊಡುತ್ತದೆ. ಒಂದು, ತುಟಿಯನ್ನು ‘ಉ’ ಎನ್ನುವಂತೆ ಮುಂದೆ ಚಾಚಿ, ನಾಲಿಗೆಯಲ್ಲಿ ‘ಇ’ ಹೇಳುವ ಸ್ವರ. ಅದು ಬಾರದಿದ್ದರೆ ‘ದೆಸ್ಯು’ ಮತ್ತು ‘ದೆಸೂ’ ಒಂದೇ ಆಗಿಬಿಡುತ್ತವೆ. ಮೊದಲನೆಯದರ ಅರ್ಥ ಮೇಲೆ, ಎರಡನೆಯದರದು ಕೆಳಗೆ. ಮನೆಯ ಕೀಲಿ ಮೇಲಿನ ಮಹಡಿಯಲ್ಲಿದೆಯೋ ಕೆಳಗಿನದರಲ್ಲೋ ಎಂದು ವಿಚಾರಿಸುವಾಗ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಇನ್ನೊಂದು ಮೂಗಿನ ಸ್ವರಗಳು. ನಮ್ಮ ಅನುಸ್ವಾರ ಪದದ ಕೊನೆಯಲ್ಲಿ ತುಟಿ ಮುಚ್ಚಿಸಿ ‘ಮ್’ ಆಗುತ್ತದೆ. ಫ್ರೆಂಚಿನಲ್ಲಿ ತುಟಿ ಮುಚ್ಚುವಂತಿಲ್ಲ, ಬಾಯಿ ತೆರೆದೇ ಇರಬೇಕು. ವೈನ್, ಗಾಳಿ, ‘ಅವರು ಹೋಗುತ್ತಾರೆ’, ಈ ಮೂರಕ್ಕೂ ಇರುವ ಪದಗಳಲ್ಲಿ ವ್ಯತ್ಯಾಸ ಆ ತೆರೆದ ಬಾಯಿಯ ಆಕಾರದಲ್ಲಿ ಮಾತ್ರ. ಕನ್ನಡಿಯ ಮುಂದೆ ದಿನಕ್ಕೆ ಹತ್ತು ನಿಮಿಷ ಕೂತು ಅಭ್ಯಾಸ ಮಾಡಿ.

ವಸ್ತುಗಳಿಗೆ ಲಿಂಗವಿರುವುದು ಹಿಂದಿ ಬಲ್ಲವರಿಗೆ ಹೊಸತಲ್ಲ. ಮರ, ನದಿ, ಕುರ್ಚಿ ಎಲ್ಲವನ್ನೂ ‘ಅದು’ ಎಂದು ಕರೆದು ಬೆಳೆದ ನಮಗೆ ಹೊಸತು. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ, ಮುಂದೆ ಪುಲ್ಲಿಂಗದ ‘ಲ್’ ಅಥವಾ ಸ್ತ್ರೀಲಿಂಗದ ‘ಲಾ’ ಸೇರಿಸಿಯೇ ಬಾಯಿಪಾಠ ಮಾಡಿ.

ಸಂಖ್ಯೆಗಳನ್ನಂತೂ ಬಿಡಲೇಬೇಡಿ. ಎಪ್ಪತ್ತೈದು ಎನ್ನಲು ‘ಅರವತ್ತು-ಹದಿನೈದು’, ತೊಂಬತ್ತೆರಡು ಎನ್ನಲು ‘ನಾಲ್ಕು-ಇಪ್ಪತ್ತು-ಹನ್ನೆರಡು’ ಎಂಬುದು ಅವರ ಕ್ರಮ. ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಓಡಿಸಿ ಹೇಳುತ್ತಾರೆ. ‘ಸ್ವಾಸಾಂತ್’ (ಅರವತ್ತು) ಎಂದು ಕೇಳಿದ ತಕ್ಷಣ 6 ಎಂದು ಬರೆದುಬಿಟ್ಟರೆ ನಂಬರು ತಪ್ಪಿತು. ಮುಂದಿನ ಪದ ಬರುವವರೆಗೆ ಪೆನ್ನು ತಡೆದು ಹಿಡಿಯಿರಿ.

ಮೂರನೆಯದು: ಕಾಗದಪತ್ರ

ಸೆಪ್ಟೆಂಬರಿನಲ್ಲಿ ಓದು ಶುರುವಾಗಬೇಕಾದರೆ ಹಿಂದಿನ ವರ್ಷದ ಅಕ್ಟೋಬರ್ ನವೆಂಬರಿನಲ್ಲೇ ಕೆಲಸ ಶುರುಮಾಡಿ. ಭಾರತದಿಂದ ಹೋಗುವವರು, ಹೊರದೇಶದ ವಿದ್ಯಾರ್ಥಿಗಳಿಗಾಗಿ ಇರುವ ಫ್ರಾನ್ಸಿನ ಸರ್ಕಾರಿ ಸಂಸ್ಥೆ ಕ್ಯಾಂಪಸ್ ಫ್ರಾನ್ಸ್‌ನ ‘ಎತ್ಯೂದ್ ಆನ್ ಫ್ರಾನ್ಸ್’ ಜಾಲತಾಣದಲ್ಲಿ ಅರ್ಜಿ ಹಾಕಿ, ಅವರ ಸಂದರ್ಶನ ಮುಗಿಸಿ, ಆಮೇಲೆ ವಿಎಫ್‌ಎಸ್ ಎಂಬ ವೀಸಾ ಅರ್ಜಿ ಕೇಂದ್ರದ ಮೂಲಕ ವೀಸಾಕ್ಕೆ ಹೋಗಬೇಕು. ಸಂದರ್ಶನದಲ್ಲಿ ಅವರು ಕೇಳುವುದು ಸರಳ: ಈ ಓದು ಏಕೆ, ಈ ಊರೇ ಏಕೆ, ಆಮೇಲೆ ಏನು? ‘ಫ್ರೆಂಚ್ ಸಂಸ್ಕೃತಿ ಇಷ್ಟ’ ಎಂದರೆ ಸಾಲದು. ಇತಿಹಾಸದ ಎಂ.ಎ.ಗೆ ಪುದುಚೇರಿಯ ಫ್ರೆಂಚ್ ದಾಖಲೆಗಳನ್ನು ಓದಬೇಕು ಎಂದೋ, ಅನುವಾದಕಿಯಾಗಬೇಕು ಎಂದೋ ನಿಮ್ಮದೇ ಉತ್ತರ ಇರಲಿ.

ಹಣದ ವಿಷಯದಲ್ಲಿ ತಿಂಗಳಿಗೆ ಕನಿಷ್ಠ 615 ಯೂರೋ ಲೆಕ್ಕದಲ್ಲಿ ಇಡೀ ಅವಧಿಗೆ ಆಧಾರ ತೋರಿಸುವುದು ಬಹುಕಾಲದ ರೂಢಿ. ಅದು ಕನಿಷ್ಠ ಮಾತ್ರ. ಸಣ್ಣ ಊರಿನಲ್ಲೂ ಬಾಡಿಗೆ ಕೊಟ್ಟ ಮೇಲೆ ಅದರಲ್ಲಿ ಬಿಗಿಯಾಗಿ ಬದುಕಬೇಕಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ಕೆಲಸ ಮಾಡಲು ಅವಕಾಶವಿದೆ, ಆದರೆ ಭಾಷೆ ಸರಿಯಾಗಿ ಬಾರದವರಿಗೆ ಮೊದಲ ಸೆಮಿಸ್ಟರಿನಲ್ಲಿ ಕೆಲಸ ಸಿಗುವುದು ಕಷ್ಟ. ಆ ಸಂಪಾದನೆಯನ್ನು ನಂಬಿ ಹೊರಡಬೇಡಿ.

ನಮ್ಮ ರಾಜ್ಯದವರಿಗೆ ವಿಶೇಷವಾಗಿ ಎದುರಾಗುವ ತೊಡಕು ಹೆಸರಿನದು. ಒಬ್ಬರಿಗೆ ಇನಿಷಿಯಲ್ ಮಾತ್ರ, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಫ್ರಾನ್ಸಿನ ಪ್ರತಿ ಅರ್ಜಿಯಲ್ಲೂ ಮನೆತನದ ಹೆಸರು, ಸ್ವಂತ ಹೆಸರು ಎರಡೂ ಕೇಳುತ್ತಾರೆ. ಅಂಕಪಟ್ಟಿ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ರೀತಿ ಇರುವಂತೆ ಹೊರಡುವ ಮೊದಲೇ ಸರಿಮಾಡಿಸಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯರ ಹೆಸರು ಇರಲಿ, ಅದಕ್ಕೆ ಅಪೋಸ್ಟಿಲ್ (ಹೊರದೇಶದಲ್ಲಿ ಮಾನ್ಯವಾಗುವ ಸರ್ಕಾರಿ ದೃಢೀಕರಣ) ಮಾಡಿಸಿ. ಫ್ರೆಂಚ್ ಅನುವಾದ ಪ್ರಮಾಣಿತ ಅನುವಾದಕರದೇ ಆಗಿರಬೇಕು.

ನಾಲ್ಕನೆಯದು: ಮನೆ

ಕ್ರೂಸ್ ಎಂಬ ಸರ್ಕಾರಿ ವಿದ್ಯಾರ್ಥಿ ಸಂಸ್ಥೆಯ ಹಾಸ್ಟೆಲು ಅಗ್ಗ. ಆದರೆ ಕೋಣೆಯ ಬಾಗಿಲು ಹಾಕಿಕೊಂಡರೆ ನೀವು, ನಿಮ್ಮ ಮೊಬೈಲು, ಅಷ್ಟೆ. ಮೊದಲ ಸೆಮಿಸ್ಟರನ್ನು ಸ್ಥಳೀಯ ಕುಟುಂಬವೊಂದರ ಮನೆಯಲ್ಲಿ ಕಳೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಭಾಷಾ ಕೇಂದ್ರಗಳೇ ಇಂಥ ಮನೆಗಳ ಪಟ್ಟಿ ಇಟ್ಟಿರುತ್ತವೆ. ರಾತ್ರಿ ಊಟಕ್ಕೆ ಒಂದು ಗಂಟೆ ಮೇಜಿನ ಮುಂದೆ ಕೂರಲೇಬೇಕು. ಊಟ ಮುಗಿದರೂ ಮಾತು ಮುಗಿಯದ ಆ ಒಂದು ಗಂಟೆ ಯಾವ ತರಗತಿಗೂ ಸಮವಲ್ಲ.

ಬೇರೆ ಮನೆ ಹಿಡಿಯುವವರಿಗೆ ಸ್ಥಳೀಯ ಜಾಮೀನುದಾರ ಬೇಕಾಗುತ್ತದೆ. ‘ವಿಸಾಲ್’ ಎಂಬ ಉಚಿತ ವ್ಯವಸ್ಥೆ ಆ ಜಾಮೀನು ನಿಲ್ಲುತ್ತದೆ, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಅರ್ಜಿ ಹಾಕಿ. ಬಾಡಿಗೆಯ ಸರ್ಕಾರಿ ಸಹಾಯಧನ ಸಿಕ್ಕರೆ ಸಂತೋಷ. ಹೊರದೇಶದವರ ಮಟ್ಟಿಗೆ ಅದರ ನಿಯಮ ಬದಲಾಗುತ್ತಿರುತ್ತದೆ, ಖರ್ಚಿನ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ.

ಮನೆಗೆ ಕಾಲಿಡುವ ದಿನ ‘ಎತಾ ದೆ ಲಿಯೂ’ ಎಂಬ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಗೋಡೆ, ನಲ್ಲಿ, ಒಲೆ, ಪರದೆ ಯಾವ ಸ್ಥಿತಿಯಲ್ಲಿವೆ ಎಂಬ ದಾಖಲೆ ಅದು. ಎರಡನೇ ಸೆಮಿಸ್ಟರಿನಲ್ಲಿ ನಾನು ಹಿಡಿದ ಕೋಣೆಯ ಒಲೆಯ ಗಾಜಿನ ಮೇಲೆ ಮೊದಲೇ ಗೀರು ಇತ್ತು. ಸಂಕೋಚದಿಂದ ಸುಮ್ಮನೆ ಸಹಿ ಹಾಕಿದೆ. ಬಿಡುವಾಗ ಆ ಗೀರು ನನ್ನ ಲೆಕ್ಕಕ್ಕೆ ಬಂತು, ಎಷ್ಟು ವಾದಿಸಿದರೂ ಠೇವಣಿಯಲ್ಲಿ ಒಂದು ಪಾಲು ಹೋಯಿತು. ನಿಮಗೆ ಹಾಗಾಗಬಾರದು: ಪ್ರತಿಯೊಂದರ ಫೋಟೊ ತೆಗೆಯಿರಿ, ಪ್ರತಿ ಗೀರನ್ನೂ ಬರೆಸಿ. ಏನಾದರೂ ಬಿಟ್ಟುಹೋಗಿದ್ದರೆ ಹತ್ತು ದಿನದೊಳಗೆ ಸೇರಿಸುವಂತೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ನನಗೆ ಇದು ತಿಳಿದದ್ದು ಹಣ ಹೋದ ಮೇಲೆ.

ಐದನೆಯದು: ಮೊದಲ ತಿಂಗಳು

ವೀಸಾವನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸುವುದಕ್ಕೆ ತಲುಪಿದ ದಿನದಿಂದ ಮೂರು ತಿಂಗಳು ಗಡುವು. ಮೊದಲ ವಾರವೇ ಮುಗಿಸಿ. ಮನೆಗೆ ವಿಮೆ ಮಾಡಿಸಿ. ಬ್ಯಾಂಕ್ ಖಾತೆ ತೆರೆದು ‘ರಿಬ್’ ಎಂಬ ಖಾತೆ ವಿವರದ ಚೀಟಿ ಪಡೆಯಿರಿ, ಮೊಬೈಲಿನಿಂದ ಹಿಡಿದು ಎಲ್ಲದಕ್ಕೂ ಅದನ್ನೇ ಕೇಳುತ್ತಾರೆ. ಆರೋಗ್ಯ ವಿಮೆಗೆ ನೋಂದಣಿ, ವಿದ್ಯಾರ್ಥಿ ಶುಲ್ಕ ಇವು ನಿಮ್ಮ ಕೋರ್ಸಿಗೆ ಅನ್ವಯವೇ ಎಂದು ಕೇಂದ್ರದ ಕಚೇರಿಯಲ್ಲಿ ವಿಚಾರಿಸಿ. ಈ ಕೆಲಸಗಳಿಗೆ ಇಂಗ್ಲಿಷ್ ಬರುವ ಗೆಳೆಯರನ್ನು ಕರೆದುಕೊಂಡು ಹೋಗಬೇಡಿ. ಹಿಂದಿನ ರಾತ್ರಿ ಹೇಳಬೇಕಾದ್ದನ್ನು ಬರೆದುಕೊಂಡು, ಒಬ್ಬರೇ ಹೋಗಿ.

ಎಲ್ಲಿಗೆ ಹೋದರೂ ಮೊದಲ ಮಾತು ‘ಬೋಂಜೂರ್’. ಬಸ್ ಹತ್ತುವಾಗ, ಔಷಧದ ಅಂಗಡಿಯಲ್ಲಿ, ವೈದ್ಯರ ಬಳಿ ಕಾಯುವ ಕೋಣೆಯಲ್ಲಿ ಕೂಡ. ನಮ್ಮಲ್ಲಿ ಅಂಗಡಿಗೆ ಹೋಗಿ ‘ಅರ್ಧ ಕಿಲೋ ಸಕ್ಕರೆ ಕೊಡಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿ ನಮಸ್ಕಾರವಿಲ್ಲದೆ ಕೇಳಿದರೆ ಎದುರಿನವರನ್ನು ಮನುಷ್ಯರೆಂದೇ ಎಣಿಸಲಿಲ್ಲ ಎಂಬ ಅರ್ಥ ಬರುತ್ತದೆ. ಫ್ರೆಂಚರು ಒರಟರು ಎಂದು ದೂರುವ ಎಷ್ಟೋ ಜನ ಈ ಒಂದು ಪದವನ್ನು ಬಿಟ್ಟವರು.

‘ತ್ಯು’ ಮತ್ತು ‘ವೂ’ ನಮ್ಮ ನೀನು, ನೀವು. ಇಂಗ್ಲಿಷಿನವರು ಇದನ್ನು ಕಲಿಯಲು ಒದ್ದಾಡುವಾಗ ನಮಗೆ ಅದು ತಾಯಿ ಹಾಲಿನೊಂದಿಗೇ ಬಂದಿರುತ್ತದೆ. ಆದರೆ ಗೆರೆ ಎಳೆಯುವ ಜಾಗ ಬೇರೆ. ಅಲ್ಲಿ ವಿದ್ಯಾರ್ಥಿಗಳು ಪರಿಚಯವಾದ ಗಳಿಗೆಯಿಂದಲೇ ಪರಸ್ಪರ ‘ತ್ಯು’. ನನ್ನನ್ನು ಇಟ್ಟುಕೊಂಡಿದ್ದ ಮನೆಯ ಎಪ್ಪತ್ತರ ಅಜ್ಜಿ ಎರಡನೇ ದಿನವೇ ‘ತ್ಯು ಅನ್ನು’ ಎಂದರು. ನನ್ನ ನಾಲಿಗೆ ಏಳಲು ಒಂದು ತಿಂಗಳು ಬೇಕಾಯಿತು. ಅಧ್ಯಾಪಕರಿಗೆ, ಅಂಗಡಿಯವರಿಗೆ, ಕಚೇರಿಯವರಿಗೆ ಮಾತ್ರ ‘ವೂ’ ತಪ್ಪದಿರಲಿ.

ಊಟದ ಬಗ್ಗೆ ಹೇಳದಿದ್ದರೆ ಮನೆಯವರು ಒಪ್ಪುವುದಿಲ್ಲ. ಸಸ್ಯಾಹಾರಿ ಎಂದರೆ ಕೆಲವರು ಮೀನು ಬಡಿಸಿಬಿಡುತ್ತಾರೆ, ‘ಮಾಂಸವೂ ಬೇಡ, ಮೀನೂ ಬೇಡ’ ಎಂದು ಬಿಡಿಸಿ ಹೇಳಿ. ಕ್ರೂಸ್ ಕ್ಯಾಂಟೀನಿನಲ್ಲಿ ನಾಲ್ಕು ಯೂರೋ ಒಳಗೆ ಊಟ ಸಿಗುತ್ತದೆ, ಸಸ್ಯಾಹಾರವೂ ಇರುತ್ತದೆ. ಸೂಪರ್ ಮಾರ್ಕೆಟಿನಲ್ಲಿ ಸಿಗುವ ಸಣ್ಣ ‘ಸೆಮೂಲ್’ ನಮ್ಮ ರವೆಯೇ, ಉಪ್ಪಿಟ್ಟು ಚೆನ್ನಾಗಿ ಆಗುತ್ತದೆ. ಕಿತ್ತಳೆ ಬಣ್ಣದ ಮಸೂರ ಬೇಳೆಯಲ್ಲಿ ಸಾರು ಮಾಡಬಹುದು. ಸಾರಿನ ಪುಡಿ, ಹುಣಸೆಹಣ್ಣು ಊರಿನಿಂದ ಒಯ್ಯಿರಿ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಶನಿವಾರವೇ ಎಲ್ಲ ತಂದಿಡಿ. ಅಷ್ಟೇ ಮುಖ್ಯವಾಗಿ, ಅಲ್ಲಿನದನ್ನು ತಿನ್ನಿ. ಬೆಜಾನ್ಸೋಂ ಸುತ್ತಿನ ಕೋಂತೆ ಚೀಸ್ ತಿಂಗಳು ಕಳೆದಂತೆ ರುಚಿ ಬದಲಿಸುತ್ತದೆ. ಸಂತೆಯಲ್ಲಿ ಮಾರುವವರು ಚೂರು ಕೊಯ್ದು ಕೊಟ್ಟು, ಇದು ಹನ್ನೆರಡು ತಿಂಗಳಿನದು, ಇದು ಇಪ್ಪತ್ನಾಲ್ಕರದು ಎಂದು ವಿವರಿಸುತ್ತಾರೆ. ರುಚಿ, ವಾಸನೆ, ಕಾಲ, ಹೋಲಿಕೆ, ಎಲ್ಲದಕ್ಕೂ ಬೇಕಾದ ಫ್ರೆಂಚ್ ಪದಗಳು ನನಗೆ ಆ ಸಂತೆಕಟ್ಟೆಯಲ್ಲೇ ಬಂದವು.

ಆರನೆಯದು: ತರಗತಿಯ ಒಳಗೆ

ಇಪ್ಪತ್ತಕ್ಕೆ ಹನ್ನೊಂದು ಬಂದರೆ ಅಳಬೇಡಿ. ಅಲ್ಲಿ ಹತ್ತು ಪಾಸು, ಹನ್ನೆರಡು ಪರವಾಗಿಲ್ಲ, ಹದಿನಾಲ್ಕು ಚೆನ್ನಾಗಿದೆ, ಹದಿನಾರು ಬಹಳ ಚೆನ್ನಾಗಿದೆ. ಇಪ್ಪತ್ತು ಯಾರಿಗೂ ಸಿಗುವುದಿಲ್ಲ ಎಂದೇ ಎಣಿಸಿ.

ನಮಗೆ ನಿಜವಾಗಿ ಕಷ್ಟವಾಗುವುದು ಪ್ರಬಂಧದ ರೀತಿ. ತಿಳಿದದ್ದನ್ನೆಲ್ಲ ಬರೆದರೆ ಅಂಕ ಬರುವುದಿಲ್ಲ. ಮೊದಲು ವಿಷಯದೊಳಗಿನ ಪ್ರಶ್ನೆಯನ್ನು ಹೊರತೆಗೆಯಬೇಕು, ಅದನ್ನು ‘ಪ್ರೊಬ್ಲೆಮಾತೀಕ್’ ಎನ್ನುತ್ತಾರೆ. ಆಮೇಲೆ ಒಂದು ವಾದ, ಅದಕ್ಕೆ ಎದುರುವಾದ, ಎರಡನ್ನೂ ದಾಟುವ ಮೂರನೆಯ ನಿಲುವು. ಪೂರ್ವಪಕ್ಷ, ಉತ್ತರಪಕ್ಷ ಎಂದು ಕೇಳಿರುವ ನಮಗೆ ಇದು ತೀರ ಅಪರಿಚಿತವಲ್ಲ, ಆದರೆ ಪಿಯುಸಿ ಅಭ್ಯಾಸ ಅಡ್ಡ ಬರುತ್ತದೆ. ಮೊದಲ ತಿಂಗಳಿನಲ್ಲೇ ಹಿಂದಿನ ವರ್ಷದ ಒಳ್ಳೆಯ ಉತ್ತರ ಪತ್ರಿಕೆಗಳನ್ನು ಅಧ್ಯಾಪಕರಿಂದ ಕೇಳಿ ಪಡೆದು, ವಾಕ್ಯ ವಾಕ್ಯವಾಗಿ ಬಿಡಿಸಿ ನೋಡಿ.

ಹಾಜರಿ ತಪ್ಪಿಸಬೇಡಿ. ನಿವಾಸ ಪರವಾನಗಿ ಮುಂದುವರಿಸುವಾಗ ಹಾಜರಿ, ಫಲಿತಾಂಶ ಎರಡನ್ನೂ ನೋಡುತ್ತಾರೆ.

ಏಳನೆಯದು: ತರಗತಿಯ ಹೊರಗೆ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬಂದ ಹದಿನೈದು ದಿನದೊಳಗೆ ಊರಿನ ಯಾವುದಾದರೂ ಒಂದು ಸಂಘಕ್ಕೆ ಸೇರಿ. 1901ರ ಕಾನೂನಿನಡಿ ನೋಂದಾಯಿಸಿದ ಸಣ್ಣ ಸಣ್ಣ ಸಂಘಗಳು ಅಲ್ಲಿನ ಊರೂರಿನಲ್ಲೂ ತುಂಬಿಕೊಂಡಿವೆ: ಚಾರಣ, ಸಮೂಹ ಗಾಯನ, ಚದುರಂಗ, ಕುಂಬಾರಿಕೆ, ವಲಸಿಗರಿಗೆ ನೆರವು. ಸೆಪ್ಟೆಂಬರಿನಲ್ಲಿ ಇವೆಲ್ಲ ಮೈದಾನದಲ್ಲಿ ಮೇಜು ಹಾಕಿಕೊಂಡು ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತವೆ. ನಾನು ಚಾರಣದ ಗುಂಪಿಗೆ ಸೇರಿದೆ. ಅವರೆಲ್ಲ ಐವತ್ತು ದಾಟಿದವರು, ಒಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಜೂರಾ ಬೆಟ್ಟಗಳಲ್ಲಿ ಐದು ಗಂಟೆ ಜೊತೆಗೆ ನಡೆಯುವಾಗ ಮಾತಾಡದೆ ಇರಲು ಸಾಧ್ಯವಿಲ್ಲ. ಏದುಸಿರಿನಲ್ಲಿ ಆಡಿದ ಮಾತಿನ ವ್ಯಾಕರಣವನ್ನು ಯಾರೂ ತಿದ್ದಲೂ ಇಲ್ಲ. ನವೆಂಬರಿನ ಹೊತ್ತಿಗೆ ಫ್ರೆಂಚಿನಲ್ಲಿ ಕನಸು ಬೀಳತೊಡಗಿತ್ತು.

ವಸ್ತುಸಂಗ್ರಹಾಲಯಗಳಿಗೆ ಖರ್ಚಿಲ್ಲ. ದೀರ್ಘಾವಧಿ ವೀಸಾ ಇರುವ 26ರೊಳಗಿನವರಿಗೆ ಲೂವ್ರ್ ಸೇರಿದಂತೆ ರಾಷ್ಟ್ರೀಯ ಸಂಗ್ರಹಾಲಯಗಳ ಶಾಶ್ವತ ಪ್ರದರ್ಶನ ಉಚಿತ. ಸೆಪ್ಟೆಂಬರಿನ ಮೂರನೆಯ ವಾರಾಂತ್ಯದ ಪರಂಪರೆಯ ದಿನಗಳಲ್ಲಿ, ಬೇರೆ ದಿನ ಬಾಗಿಲು ಮುಚ್ಚಿರುವ ಸರ್ಕಾರಿ ಭವನಗಳೊಳಗೂ ಬಿಡುತ್ತಾರೆ. ಜೂನ್ 21ರಂದು ಬೀದಿಬೀದಿಯಲ್ಲಿ ಸಂಗೀತ. 1982ರಿಂದ ನಡೆದು ಬಂದ ಹಬ್ಬ ಅದು. ಊರಿನ ಗ್ರಂಥಾಲಯದ ಕಾರ್ಡು ಮಾಡಿಸಿಕೊಳ್ಳಿ. ದಿನಾ ಆರ್‌ಎಫ್‌ಐ ರೇಡಿಯೊದ ಸುಲಭ ಫ್ರೆಂಚ್ ವಾರ್ತೆಯನ್ನು ಎರಡು ಸಲ ಕೇಳಿ: ಒಮ್ಮೆ ಸುಮ್ಮನೆ, ಇನ್ನೊಮ್ಮೆ ಬರೆದುಕೊಳ್ಳುತ್ತಾ.

ಮನೆ ನೆನಪಾಗುವುದು ಡಿಸೆಂಬರಿನಲ್ಲಿ. ಸಂಜೆ ಐದಕ್ಕೇ ಕತ್ತಲು, ಒಂದೊಂದು ವಾರ ಬಿಸಿಲೇ ಇಲ್ಲ. ದಿನಾ ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಕನ್ನಡದಲ್ಲಿ ಮನಸಾರೆ ಮಾತಾಡಿ. ಅದರಿಂದ ಫ್ರೆಂಚ್ ಕೆಡುವುದಿಲ್ಲ.

ಬಿ.ಎ., ಎಂ.ಎ.ಯಲ್ಲಿ ಫ್ರೆಂಚ್ ಓದುತ್ತಿರುವವರಿಗೆ ಇನ್ನೊಂದು ದಾರಿಯೂ ಇದೆ. ಫ್ರಾನ್ಸಿನ ಶಾಲೆಗಳಲ್ಲಿ ವಾರಕ್ಕೆ 12 ಗಂಟೆ ಇಂಗ್ಲಿಷ್ ಪಾಠಕ್ಕೆ ನೆರವಾಗುವ ಭಾಷಾ ಸಹಾಯಕರನ್ನು ಭಾರತದಿಂದಲೂ ಆರಿಸುತ್ತಾರೆ, ಸಂಬಳವೂ ಇದೆ. ಮನೆಯಲ್ಲಿ ಹಣದ ಅನುಕೂಲ ಇಲ್ಲದವರು ಮೊದಲು ಇದನ್ನೇ ವಿಚಾರಿಸಿ.

ಹೊರಡುವಾಗ

ಪೀಠೋಪಕರಣ ಸಹಿತ ಬಾಡಿಗೆ ಕೋಣೆ ಬಿಡಲು ಒಂದು ತಿಂಗಳ ಮುಂಚೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಬೇಕು. ಬಿಡುವ ದಿನ ಮತ್ತೆ ಸ್ಥಿತಿಪಟ್ಟಿ, ಮತ್ತೆ ಫೋಟೊ. ಠೇವಣಿ ವಾಪಸು ಬರಲು ಒಂದೆರಡು ತಿಂಗಳು ಹಿಡಿಯುವುದರಿಂದ ಅಲ್ಲಿಯವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ. ಅಂಕಪಟ್ಟಿ, ಡಿಪ್ಲೊಮಾ, ಹಾಜರಿ ಪತ್ರಗಳನ್ನು ಮುದ್ರೆ ಸಹಿತ ಕೈಯಲ್ಲೇ ಪಡೆದು ಬನ್ನಿ. ಬೆಂಗಳೂರಿನಿಂದ ತರಿಸಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಮನೆ ಬಿಡುವ ಪತ್ರವನ್ನು ಜಾಲತಾಣದ ಮಾದರಿಯಿಂದ ನಕಲು ಮಾಡದೆ ನೀವೇ ಬರೆಯಿರಿ. ನನ್ನದರ ಪ್ರತಿಯೊಂದು ಇನ್ನೂ ನನ್ನ ಬಳಿ ಇದೆ. ಅದರಲ್ಲಿ ಎರಡು ಲಿಂಗದ ತಪ್ಪುಗಳಿವೆ, ಒಲೆಯ ಗೀರಿನ ಬಗ್ಗೆ ನಾಲ್ಕು ಸಾಲುಗಳೂ ಇವೆ.